ಇಲ್ಲಿ ಹರಿಯಿರಿ

ಮೂರು ಸಲ ಸೋಪು ಹಚ್ಚಿ ಉಜ್ಜಿದ್ದಾಯ್ತು, ಬಿಳಿ ಶರ್ಟಿನ ಜೇಬಿನ ಮೇಲಿನ ಉಪ್ಪಿನಕಾಯಿ ಕಲೆ ಹೋಗಿಲ್ಲ. ನಿನ್ನೆ ಕೆಂಪಗಿತ್ತು, ಇವತ್ತು ಹಳದಿ. "ಬಾಂಬ್ ಮಾಡೋರ್ ತಾವ್ಕೆ ಹೋಗಿ ಉಪ್ಪಿನ್‌ಕಾಯಿ ಮೆತ್ಕೊಂಡ್ ಬಂದಿದ್ದೀಯಲ್ಲಪ್ಪಾ" ಅಂತ ಅಮ್ಮ ಬೆಳಿಗ್ಗೆಯಿಂದ ನಾಲ್ಕು ಮನೆಗೆ ಹೇಳಿಯಾಗಿದೆ.

ನಾನು ಬಾಂಬ್ ಮಾಡಲ್ಲ. ಸೈನಿಕರ ಊಟಕ್ಕೆ ಅಂತಲೇ ಮೈಸೂರಲ್ಲಿ 1961ರಿಂದ ಒಂದು ಪ್ರಯೋಗಾಲಯ ಇದೆ ಅಂದರೂ ಮಂಡ್ಯದ ನಮ್ಮ ಬೀದಿಯವರು ನಂಬಲ್ಲ, ರಕ್ಷಣಾ ವಿಜ್ಞಾನ ಅಂದರೆ ಅವರಿಗೆ ಕ್ಷಿಪಣಿಯೇ ಆಗಬೇಕು. ನನ್ನ ಕೆಲಸ ಊಟದ ಪೌಚಿನದು. ಪಾಲಿಯೆಸ್ಟರ್, ಅಲ್ಯುಮಿನಿಯಂ, ಪಾಲಿಪ್ರೊಪಿಲೀನ್ ಅಂಟಿಸಿದ ಚೀಲ. ಪಲಾವ್ ತುಂಬಿ, ಮುಚ್ಚಿ, 121 ಡಿಗ್ರಿ ಶಾಖ ಕೊಟ್ಟರೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡಲ್ಲ. ಅದರಲ್ಲೂ ನನ್ನದು ಮೂಲೆಯಲ್ಲಿರುವ ಸಣ್ಣ ಕಚ್ಚು. ಅದು ಎಲ್ಲಿದ್ದರೆ ಪೌಚ್ ಸುಲಭವಾಗಿ ಹರಿಯುತ್ತೆ ಅನ್ನೋದಕ್ಕೇ ಎರಡು ವರ್ಷ ಹೋಗಿದೆ.

ಮೊನ್ನೆ ಮೈಸೂರಿನ ಸಮ್ಮೇಳನದಲ್ಲಿ ಅದನ್ನೇ ಹದಿನೈದು ನಿಮಿಷ ಹೇಳಬೇಕಿತ್ತು. ಆದರೆ ಈ ಕಡೆ ಯಾರೇ ರಕ್ಷಣೆ ಅಂತ ಮೈಕ್ ಹಿಡಿದರೂ ಹೈದರಾಲಿ–ಟಿಪ್ಪು ರಾಕೆಟ್ಟಿಂದಲೇ ಶುರು ಮಾಡಬೇಕು, ಅಲ್ವಾ? ಮೊದಲನೆಯವರು ಬ್ರಿಟಿಷರ ಮೇಲೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಹಾರಿಸಿದರು. ಎರಡನೆಯವರೂ ಹಾರಿಸಿದರು. ಮೂರನೆಯವರು "ಇದನ್ನು ಆಗಲೇ ಹೇಳಿದ್ದಾರೆ" ಅಂತ ಹೇಳಿ, ರಾಕೆಟ್ಟಿನ ಕಬ್ಬಿಣದ ಕೊಳವೆಯಿಂದ ಶುರುಮಾಡಿ, ಅದನ್ನು ನೋಡಿ ತಾನೂ ರಾಕೆಟ್ ಮಾಡಿದ ಇಂಗ್ಲೆಂಡಿನ ಕಾಂಗ್ರೀವ್‌ವರೆಗೂ ಹೋಗಿ ಬಂದರು. ನನಗೆ ಉಳಿದಿದ್ದು ನಾಲ್ಕು ನಿಮಿಷ. ಮೂರನೇ ಸ್ಲೈಡಿಗೆ ಗಂಟೆ ಹೊಡೆದರು.

ಊಟದ ಹೊತ್ತಿಗೆ ಮೂಡೇ ಇರಲಿಲ್ಲ. ತಟ್ಟೆಯಲ್ಲಿ ಮೊಸರನ್ನ, ಪಕ್ಕದಲ್ಲಿ ಉಪ್ಪಿನಕಾಯಿ ಪ್ಯಾಕೆಟ್. ಎದುರಿಗೆ ನಿವೃತ್ತ ಕರ್ನಲ್ ಒಬ್ಬರು. "ನಿಮ್ಮ ವಿಷಯ ಏನಪ್ಪಾ?" ಅಂದರು. "ಪೌಚ್ ಸುಲಭವಾಗಿ ಹರಿಯೋದು ಹೇಗೆ ಅಂತ ಸರ್" ಅಂದೆ. ಅನ್ನುತ್ತಲೇ ಪ್ಯಾಕೆಟ್ ಹರಿಯಲು ಹೋದೆ.

ಹರಿಯಲಿಲ್ಲ. 'ಇಲ್ಲಿ ಹರಿಯಿರಿ' ಅಂತ ಬಾಣದ ಗುರುತಿದೆ, ಕಚ್ಚೇ ಇಲ್ಲ. ಇನ್ನೊಂದು ಮೂಲೆ ಹಿಡಿದೆ, ಎಣ್ಣೆಗೆ ಬೆರಳು ಜಾರಿತು. ಕರ್ಚೀಫು ಸುತ್ತಿ ಎಳೆದೆ, ಕರ್ಚೀಫು ಕೈಗೆ ಬಂತು. ಫೋನೂ ಬೀಗದ ಕೈಯೂ ಗೇಟಲ್ಲೇ ಇಸ್ಕೊಂಡಿದ್ದರು, ನನ್ನ ಹತ್ತಿರ ಬರೀ ಅದರ ಟೋಕನ್. ಟೋಕನ್ನಿನ ಅಂಚಿಂದಲೂ ಗೀರಿದೆ. ಕರ್ನಲ್ ಅನ್ನ ಕಲಸೋದು ನಿಲ್ಲಿಸಿ ಸುಮ್ನೆ ನೋಡುತ್ತಿದ್ದರು. ನನಗೂ ಹಟ. ಪ್ಲಾಸ್ಟಿಕ್ ಹಾಳೆಗೆ ಹರಿಯಲು ಶುರುವಾಗೋದೇ ಕಷ್ಟ, ಶುರುವಾದರೆ ಸರ್ರನೆ ಹೋಗುತ್ತೆ. ಇದು ನನ್ನ ಎರಡನೇ ಸ್ಲೈಡಲ್ಲೇ ಇತ್ತು. ಎರಡೂ ಕೈಯಲ್ಲಿ ಉಸಿರು ಕಟ್ಟಿ ಎಳೆದೆ. ಸರ್ರನೆ ಹೋಯ್ತು. ಎಣ್ಣೆ ನನ್ನ ಜೇಬಿಗೆ, ಮಾವಿನಕಾಯಿ ಹೋಳು ಸೀದಾ ಕರ್ನಲ್ ತಟ್ಟೆಗೆ.

ಅವರು ಹೋಳನ್ನೊಮ್ಮೆ ನೋಡಿದರು, ಮೊಸರನ್ನಕ್ಕೆ ಕಲಸಿಕೊಂಡು ತಿಂದರು. "ರೇಂಜ್ ಚೆನ್ನಾಗಿದೆ" ಅಂದರು.

ಆಮೇಲೆ ತಾವಾಗಿಯೇ ಮಾತಾಡಿದರು. ಹಿಮದ ಪೋಸ್ಟಿನಲ್ಲಿ ಗ್ಲೌಸ್ ತೆಗೆದರೆ ಬೆರಳು ಹೋದಂಗೇ, ಅದಕ್ಕೇ ಪ್ಯಾಕೆಟ್ ಹಲ್ಲಲ್ಲೇ ಕಚ್ಚುತ್ತಿದ್ದರಂತೆ. ಒಬ್ಬ ಹುಡುಗನ ಮುಂದಿನ ಹಲ್ಲು ಮುರಿದು, ಅವನು ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಇಡುತ್ತಿದ್ದನಂತೆ. ಕರ್ನಲ್ ಅದನ್ನು ಮಾಡಿ ತೋರಿಸಿದರು. ನಮ್ಮ ಲ್ಯಾಬಿನಲ್ಲಿ ಮೆಷಿನ್ನು ಎರಡು ಕಡೆ ಹಿಡಿದು ಒಣ ಪೌಚನ್ನು ಎಳೆಯುತ್ತೆ. ಗ್ಲೌಸ್ ಹಾಕಿ ಎಳೆದು ನೋಡೋಣ ಅಂತ ಎರಡು ವರ್ಷದಲ್ಲಿ ಒಬ್ಬರಿಗೂ ಹೊಳೆದಿಲ್ಲ, ನನಗೂ ಸೇರಿಸಿ.

ಸಂಜೆ ಪ್ಯಾಸೆಂಜರ್ ರೈಲಲ್ಲಿ ಕಲೆಯ ಮೇಲೆ ಫೈಲು ಅಡ್ಡ ಹಿಡಿದು ಕೂತಿದ್ದೆ. ಶ್ರೀರಂಗಪಟ್ಟಣ ದಾಟುವಾಗ ಕಡ್ಲೆಕಾಯಿಯವನು ಬಂದ. ಹಳೇ ಪೇಪರಿನ ಪೊಟ್ಟಣ, ಬಿಸಿಬಿಸಿ. ಕೈಗೆ ತಗೊಂಡು ಅಭ್ಯಾಸಬಲದಿಂದ ಕಚ್ಚು ಎಲ್ಲಿದೆ ಅಂತ ತಿರುಗಿಸಿ ನೋಡುತ್ತಿದ್ದೆ.

"ತಿನ್ನಿ ಸಾ, ತೆಗ್ದೇ ಅದೆ" ಅಂದ.