ನಮ್ಮ ಬ್ರೂನೋ ಏನೂ ಮಾಡಲ್ಲ

ಪಕ್ಕದ್ಮನೆ ಮೇಷ್ಟ್ರ ನಾಯಿ ಹೆಸರು ಬ್ರೂನೋ. ನಮ್ಮಮ್ಮನ ಬಾಯಲ್ಲಿ ಅದು ಮೊದ್ಲು ಬುರ್ನ ಆಯ್ತು, ಆಮೇಲೆ ಎಲ್ಲಿಂದಲೋ ಮರ್ಯಾದೆ ಸೇರ್ಕೊಂಡು ಬೂರಣ್ಣ ಆಯ್ತು. ಈಗ ದಿನಾ ಬೆಳಿಗ್ಗೆ ಬಾಗಿಲು ತೆಗೀತಾ "ಬೂರಣ್ಣ ಬಂದು ಹೋದ್ನೇನೋ ನೋಡೋ" ಅಂತಾರೆ, ಹೊಸಬ್ರು ಕೇಳಿದ್ರೆ ಯಾರೋ ಪೇಪರ್ ಹಾಕೋರು ಅನ್ಕೋಬೇಕು. ಲ್ಯಾಬ್ರಡಾರ್ ಅಂತ ಮೇಷ್ಟ್ರು ಹೇಳ್ತಾರೆ. ಮುಖ ನೋಡಿದ್ರೆ ಹೌದು ಅನ್ಸುತ್ತೆ, ಬಾಲ ನೋಡಿದ್ರೆ ನಮ್ಮ ಕುವೆಂಪುನಗರದ್ದೇ ಅನ್ಸುತ್ತೆ, ಮಧ್ಯದಲ್ಲಿರೋ ಹೊಟ್ಟೆ ಮಾತ್ರ ಪೂರ್ತಿ ನಮ್ಮನೆ ಹಾಲಿಂದು.

ಹಾಲಿನ ಕಥೆ ಹೇಳ್ಬಿಡ್ತೀನಿ. ನಾವು ದಿನಾ ನಂದಿನಿ ಎರಡು ಪ್ಯಾಕೆಟ್ ತಗೋತೀವಿ, ಕೇಸರಿದು ಕಾಫಿಗೆ, ನೀಲಿದು ಮೊಸರಿಗೆ. ರಾತ್ರಿ ಗೇಟಿಗೆ ಬಟ್ಟೆ ಚೀಲ ನೇತು ಹಾಕಿದ್ರೆ ಹುಡುಗ ಬೆಳಗಿನ ಜಾವ ಹಾಕಿ ಹೋಗ್ತಾನೆ. ಒಂದು ವಾರ ನೋಡ್ತೀವಿ, ಕೇಸರಿ ಪ್ಯಾಕೆಟ್ ಮಾತ್ರ ಮಾಯ, ನೀಲಿ ಪ್ಯಾಕೆಟ್ ಹಾಗೇ ಇದೆ. ಪಾಪ ಆ ಹುಡುಗನ ಮೇಲೇ ಅನುಮಾನ ಪಟ್ಟು ಒಂದಿನ ಕೇಳೂ ಕೇಳಿದೆ, ಅವನು ಏನೂ ಹೇಳ್ದೆ ಮೇಷ್ಟ್ರ ಮನೆ ಕಡೆ ಗದ್ದ ತೋರ್ಸಿದ. ಅಲ್ಲಿ ಬೂರಣ್ಣ ಸಂಪಿನ ಮುಚ್ಚಳದ ಮೇಲೆ ಕೂತು ಪ್ಯಾಕೆಟ್ಟನ್ನ ಎರಡು ಮುಂಗಾಲಲ್ಲಿ ಒತ್ತಿ ಹಿಡ್ಕೊಂಡು, ಮೂಲೇಲಿ ಒಂದೇ ಒಂದು ತೂತು ಮಾಡಿ, ಒಂದು ಹನಿ ಚೆಲ್ಲದ ಹಾಗೆ ನೆಕ್ತಾ ಇದ್ದ. ನಾನು ಇಷ್ಟು ವರ್ಷದಲ್ಲಿ ಕತ್ತರೀಲಿ ಕಟ್ ಮಾಡಿದ್ರೂ ಒಲೆ ಮೇಲೆ ಚೆಲ್ತೀನಿ, ಬೈಸ್ಕೋತೀನಿ.

ಕೇಸರಿನೇ ಯಾಕೆ ಅಂತ ನಂಗೆ ತಲೆ ಕೊರೆಯೋಕೆ ಶುರುವಾಯ್ತು. ಹುಡುಕಿ ಓದಿದೆ. ನಾಯಿಗಳಿಗೆ ಲೋಕ ಕಪ್ಪು ಬಿಳುಪು ಕಾಣುತ್ತೆ ಅನ್ನೋದು ಸುಳ್ಳಂತೆ, ಅವಕ್ಕೆ ನೀಲಿ ಮತ್ತೆ ಹಳದಿ ಚೆನ್ನಾಗೇ ಕಾಣುತ್ತೆ, ಕೆಂಪು ಹಸಿರು ಮಾತ್ರ ಮಂಕಾಗಿ ಕಂದು ಕಂದಾಗಿ ಕಾಣುತ್ತಂತೆ. ಅಂದ್ರೆ ಬೂರಣ್ಣಂಗೆ ಕೇಸರಿ ಹಳದಿ ಥರ ಕಾಣ್ಸುತ್ತೆ, ನೀಲಿ ನೀಲಿಯಾಗೇ ಇರುತ್ತೆ, ಕನ್ಫ್ಯೂಷನ್ನೇ ಇಲ್ಲ. ನೀಲಿದ್ರಲ್ಲಿ ಕೊಬ್ಬು ನೂರಕ್ಕೆ 3, ಕೇಸರಿದ್ರಲ್ಲಿ 4.5. ಇದನ್ನ ಓದೋಕೆ ನಂಗೆ ಕನ್ನಡಕ ಬೇಕಾಯ್ತು, ಅವನು ಮೂಸೇ ತಿಳ್ಕೊಂಡಿದ್ದ.

ಈ ಬಣ್ಣದ ಜ್ಞಾನ ಒಂದು ತಿಂಗಳು ಮುಂಚೆ ಬಂದಿದ್ರೆ ಇನ್ನೊಂದು ಅವಮಾನ ತಪ್ತಿತ್ತು. ಗೇಟ್ ಪಕ್ಕ ಕಾಲೆತ್ತೋದನ್ನ ನಿಲ್ಸೋಕೆ ನಮ್ಮ ಕಡೆ ಎಲ್ರೂ ಮಾಡೋದು ಒಂದೇ, ಹಳೇ ಬಾಟಲಿಗೆ ಬಣ್ಣದ ನೀರು ತುಂಬಿ ಗೇಟ್ ಮುಂದೆ ಇಡೋದು. ಅಮ್ಮ ಕುಂಕುಮ ಕಲ್ಸಿ ನಾಲ್ಕು ಬಾಟಲಿ ಇಟ್ರು, ಅದಕ್ಕೆ ನಮಸ್ಕಾರನೂ ಮಾಡಿದ್ರು ಅನ್ಸುತ್ತೆ. ಬೂರಣ್ಣ ತಿರುಗೂ ನೋಡ್ಲಿಲ್ಲ, ಕೆಂಪು ಕಾಣಲ್ವಲ್ಲ. ಎದುರು ಮನೆ ಆಂಟಿ "ಅಯ್ಯೋ ಕುಂಕುಮ ಅಲ್ಲ ರೀ, ಬಟ್ಟೆಗೆ ಹಾಕೋ ನೀಲಿ ಹಾಕಿ" ಅಂದ್ರು. ನೀಲಿ ಹಾಕಿದ್ವಿ. ಆಹಾ, ಚೆನ್ನಾಗಿ ಕಾಣ್ತು. ಅದಕ್ಕೂ ಮುಂಚೆ ಗೇಟು ಕಾಂಪೌಂಡು ಅಂತ ಎಲ್ಲೆಲ್ಲೋ ಕಾಲೆತ್ತುತಿದ್ದೋನು ಅವತ್ತಿಂದ ಕರೆಕ್ಟಾಗಿ ಎಡಗಡೆಯಿಂದ ಎರಡನೇ ಬಾಟಲಿಗೇ ಬರೋಕೆ ಶುರು ಮಾಡಿದ.

ಚಪ್ಪಲಿ ವಿಷ್ಯ ಜಾಸ್ತಿ ಹೇಳಲ್ಲ, ಹೊಟ್ಟೆ ಉರಿಯುತ್ತೆ. ಎಡಗಾಲಿಂದೇ ಒಯ್ತಾನೆ. ಗೌರಿ ಹಬ್ಬಕ್ಕೆ ಬಂದಿದ್ದ ಚಿಕ್ಕಮ್ಮ ನಮ್ಮಪ್ಪಂದು ಹಳೇ ಹವಾಯಿ ಹಾಕ್ಕೊಂಡು ರೇಷ್ಮೆ ಸೀರೇಲಿ ಬಸ್ ಹತ್ತಿದ್ರು, ಇವತ್ತಿಗೂ ಫೋನ್ ಮಾಡಿದಾಗ ಮೊದ್ಲು ಚಪ್ಪಲಿ ಸಿಗ್ತಾ ಅಂತಾರೆ, ಆಮೇಲೆ ಆರೋಗ್ಯ.

ನೀವು ಕೇಳ್ಬೋದು, ಹೋಗಿ ಮೇಷ್ಟ್ರಿಗೆ ಹೇಳೋಕೇನು ಧಾಡಿ ಅಂತ. ಅಲ್ಲೇ ಇರೋದು ಕಷ್ಟ. ನಮ್ಮಣ್ಣ ಪಿಯುಸಿ ಮ್ಯಾಥ್ಸಲ್ಲಿ ಪಾಸಾಗಿದ್ದು ಮೇಷ್ಟ್ರು ಬಿಟ್ಟಿ ಟ್ಯೂಷನ್ ಹೇಳಿದ್ದಕ್ಕೆ. ನಮ್ಮನೆ ಎಕ್ಸ್ಟ್ರಾ ಕೀ ಇರೋದು ಅವ್ರ ಮನೇಲಿ. ನಮ್ಮನೆ ಒಗ್ಗರಣೆಗೆ ಕರಿಬೇವು ಬರೋದು ಅವ್ರ ಹಿತ್ಲಿಂದ, ಕಾವೇರಿ ನೀರು ಬರ್ದಿದ್ದಾಗ ಪೈಪ್ ಬರೋದು ಅವ್ರ ಬೋರಿಂದ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ನಾವಂತೂ ಅವಳಿ ಜವಳಿ ಹೊತ್ಕೊಂಡಿದೀವಿ.

ಆದ್ರೂ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹೋದೆ, ಸುಮ್ನೆ ಅಲ್ಲ, ಕಾನೂನು ಓದ್ಕೊಂಡು ಹೋದೆ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ದೆ ಹೋದ್ರೆ ಭಾರತೀಯ ನ್ಯಾಯ ಸಂಹಿತೆ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ದಾರೀಲಿ ಎರಡು ಸಲ ಬಾಯಿಪಾಠ ಮಾಡ್ಕೊಂಡೆ. ದಾರಿ ಅಂದ್ರೆ ಹದಿನೈದು ಹೆಜ್ಜೆ, ಅಷ್ಟೆ.

"ಬಾಪ್ಪಾ ಬಾ, ಕೂತ್ಕೋ" ಅಂದ್ರು ಮೇಷ್ಟ್ರು. ಮೇಡಂ ತಟ್ಟೇಲಿ ಕೋಡುಬಳೆ ತಂದಿಟ್ರು, ಬಿಸಿ ಬಿಸಿ. ನಾನು "ಸಾರ್, ಬ್ರೂನೋ..." ಅಂತ ಶುರು ಮಾಡಿದ್ದೇ ತಡ ಮೇಷ್ಟ್ರ ಮುಖ ಅರಳಿಹೋಯ್ತು. "ಅವನಿಗೆ ನೀನಂದ್ರೆ ಪ್ರಾಣ ಕಣಪ್ಪಾ. ಕಟ್ಟಿ ಹಾಕಿದ್ರೆ ಮುಖ ಸಣ್ಣ ಮಾಡ್ಕೋತಾನೆ, ಅದಕ್ಕೇ ಗೇಟ್ ಚಿಲಕ ಮುರಿದು ಮೂರು ವರ್ಷ ಆದ್ರೂ ನಾನು ಹಾಕ್ಸಿಲ್ಲ. ಆದ್ರೆ ಒಂದು ಮಾತು, ನಮ್ಮ ಬ್ರೂನೋ ಏನೂ ಮಾಡಲ್ಲ." ಬಾಯಲ್ಲಿ ಕೋಡುಬಳೆ ಇಟ್ಕೊಂಡು 291 ಅನ್ನೋಕೆ ಆಗಲ್ಲ, ಟ್ರೈ ಮಾಡಿ ನೋಡಿ. ವಾಪಸ್ ಬರೋವಾಗ ಕೈಯಲ್ಲಿ ಒಂದು ಕಟ್ಟು ಕರಿಬೇವು ಇತ್ತು. ಅಮ್ಮ ಅದನ್ನ ನೋಡೇ "ಹೇಳ್ಲಿಲ್ಲ ಅನ್ನು" ಅಂದ್ರು.

ಅದಾಗಿ ಹತ್ತು ದಿನಕ್ಕೆ ಅವನು ಏನೋ ಮಾಡಿದ. ನಾಮಕರಣಕ್ಕೆ ಅಂತ ಬಿಳೀ ಪಂಚೆ ಉಟ್ಕೊಂಡು ಗೇಟ್ ತೆಗ್ದೆ ನೋಡಿ, ಮೂರು ದಿನ ಮಳೆಗೆ ಹೊರಗೆ ಬರದೇ ಇದ್ದೋನು ಪ್ರೀತಿ ತಡೀಲಾರದೆ ಓಡಿ ಬಂದು ಎದೆ ಮೇಲೆ ಎರಡೂ ಕಾಲಿಟ್ಟ. ಪಂಚೆ ಮೇಲೆ ಕೆಸರಿನ ಪಾದ, ಮುಂಗೈ ಮೇಲೆ ಉಗುರು ಗೀರಿದ ಉದ್ದ ಕೆಂಪು ಗೆರೆ. ರಕ್ತ ಬರ್ಲಿಲ್ಲ. ಅಮ್ಮ ಆಗ್ಲೇ "ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಅಂತ ಅಳೋಕೆ ಶುರು ಮಾಡಿದ್ರು. ಆ ಕುರಿ ಮಿದುಳಿಂದ ಮಾಡ್ತಿದ್ದ ಹಳೇ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತ್ಹೋಗಿದೆ ಅಂದ್ರೆ ನಂಬಲಿಲ್ಲ. ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೀಬೇಕು, ತೊಳೀತಾ ನಿಂತೆ, ಪಕ್ಕದಲ್ಲಿ ಬೂರಣ್ಣ ಬಾಲ ಅಲ್ಲಾಡಿಸ್ತಾ ಸೋಪು ನೊರೆ ನೆಕ್ಕೋಕೆ ಬರ್ತಿದ್ದ.

ಸರ್ಕಾರಿ ಆಸ್ಪತ್ರೇಲಿ ಸಿಸ್ಟರ್ ರಿಜಿಸ್ಟರ್ ತೆಗ್ದು ಕೇಳಿದ್ರು, "ಸಾಕಿದ್ದಾ, ಬೀದೀದಾ?"

ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. "ರಾತ್ರಿ ಸಾಕಿದ್ದು ಸಿಸ್ಟರ್, ಹಗಲು ಬೀದೀದು" ಅಂದೆ. ಅವ್ರು ಪೆನ್ನು ಹಿಡ್ಕೊಂಡೇ ನನ್ನ ಮುಖ ನೋಡಿದ್ರು. ಆ ರಿಜಿಸ್ಟರಲ್ಲಿ ಅದಕ್ಕೆ ಕಾಲಂ ಇರ್ಲಿಲ್ಲ. ಹಾಗೆ ನೋಡಿದ್ರೆ ನಮ್ಮ ಕ್ರಾಸಿನ ನಿಜವಾದ ಬೀದಿನಾಯಿಗಳೇ ವಾಸಿ, ಅವಕ್ಕೆ ಕಿವಿ ತುದಿ ಕಟ್ ಮಾಡಿದಾರೆ, ಅಂದ್ರೆ ಸಂತಾನಹರಣ ಆಪರೇಷನ್ ಆಗಿದೆ, ರೇಬೀಸ್ ಲಸಿಕೆನೂ ಹಾಕಿದಾರೆ ಅಂತ ಅರ್ಥ. ಬೂರಣ್ಣನ ಕಿವಿ ಮಾತ್ರ ಪೂರ್ತಿ ಇದೆ. ಅವನ ಲಸಿಕೆ ಕಾರ್ಡು ಮೇಷ್ಟ್ರ ಮನೆ ಪಂಚಾಂಗದೊಳಗೆ ಸಿಕ್ತು, ಕೊನೇದು ಹಾಕ್ಸಿ ಎರಡು ವರ್ಷ ಆಗಿತ್ತು.

0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ ಒಂದೊಂದು ಚುಚ್ಚು, ಒಟ್ಟು ಎಂಟು. ಜೊತೆಗೆ ಡಾಕ್ಟ್ರು "ಹತ್ತು ದಿನ ಆ ನಾಯಿ ಮೇಲೆ ಕಣ್ಣಿಟ್ಟಿರಿ" ಅಂದ್ರು. ಇದೊಂದೇ ಸುಲಭದ ಕೆಲಸ, ನಾನು ಎಲ್ಲಿ ಕೂತ್ರೂ ಎದುರಿಗೇ ಇರ್ತಿದ್ದ. ನಾಲ್ಕೂ ಸಲ ಮೇಷ್ಟ್ರೇ ಕಾರಲ್ಲಿ ಕರ್ಕೊಂಡ್ಹೋದ್ರು, ಬೇಡ ಅಂದ್ರೂ ಬಿಡ್ಲಿಲ್ಲ, ದಾರೀಲಿ ಮೈಲಾರಿ ದೋಸೆನೂ ತಿನ್ನಿಸಿದ್ರು. ಹಿಂದಿನ ಸೀಟಲ್ಲಿ ಆರೋಪಿ, ಕಿಟಕಿಯಿಂದ ಮುಖ ಹೊರಗೆ ಹಾಕ್ಕೊಂಡು. ಅಲ್ಲಿಗೆ ನನ್ನ 291 ಪೂರ್ತಿ ಸತ್ತೇಹೋಯ್ತು, ದೋಸೆ ತಿನ್ನಿಸಿದವರ ಮೇಲೆ ಯಾವ ಸೆಕ್ಷನ್ ಹಾಕ್ತೀರಾ.

ಕೊನೇ ಇಂಜೆಕ್ಷನ್ ಆದ ದಿನ ನಂಗೊಂದು ಐಡಿಯಾ ಹೊಳೀತು. ಬಾಯಿಬಿಟ್ಟು ಹೇಳೋದೇ ಬೇಡ, ಚಿಲಕನ ನಾನೇ ಹಾಕ್ಸಿಬಿಟ್ರೆ? ಋಣ ತೀರಿಸ್ದ ಹಾಗೂ ಆಯ್ತು. ಹಾರ್ಡ್‌ವೇರ್ ಅಂಗಡೀಲಿ ದಪ್ಪ ಕಬ್ಬಿಣದ ಚಿಲಕ ತಂದೆ, ವೆಲ್ಡಿಂಗ್ ಹುಡುಗನ್ನ ಕರ್ಸಿದೆ, ಮೇಷ್ಟ್ರು ಎಷ್ಟು ಖುಷಿಯಾದ್ರು ಅಂದ್ರೆ ಕಣ್ಣಲ್ಲಿ ನೀರು. ಬೂರಣ್ಣ ಒಳಗಡೆ ತುಳಸಿ ಕಟ್ಟೆ ಪಕ್ಕ ಕೂತು ಕೆಲಸ ಮುಗಿಯೋವರೆಗೂ ಗಮನ ಇಟ್ಟು ನೋಡಿದ. ಚಿಲಕ ಹಾಕಿದ್ವಿ, ಎಳೆದು ನೋಡಿದ್ವಿ, ಗಟ್ಟಿ. ಅವನು ಎದ್ದ, ಮೈ ಕೊಡವಿದ, ಕಟ್ಟೆ ಮೇಲೆ ಹತ್ತಿ ಅಲ್ಲಿಂದ ಕಾಂಪೌಂಡ್ ಹಾರಿ ನನ್ನ ಪಕ್ಕ ಬಂದು ನಿಂತ.

ಹೊರಗೆ ಬರೋಕೆ ಕಟ್ಟೆ ಇದೆ, ಒಳಗೆ ಹೋಗೋಕೆ ಇಲ್ಲ, ರಸ್ತೆ ಕಡೆಯಿಂದ ಗೋಡೆ ಎತ್ತರ. ಮುಂಚೆ ಆದ್ರೆ ಗೇಟ್ ತಳ್ಕೊಂಡು ಮನೆಗೆ ಹೋಗೋನು. ಈಗ ರಾತ್ರಿ ಯಾವಾಗ್ಲೋ ಹಾರಿ ಬರ್ತಾನೆ, ಹಾಲು ಕುಡೀತಾನೆ, ಬೆಳಿಗ್ಗೆ ಐದೂವರೆಗೆ ನಮ್ಮ ಬಾಗಿಲು ಕೆರೀತಾನೆ, ನಾನು ಲುಂಗೀಲಿ ಕಣ್ಣು ಉಜ್ಕೊಂಡು ಹೋಗಿ ನಾನೇ ಹಾಕ್ಸಿದ ಚಿಲಕ ತೆಗ್ದು ಅವನನ್ನ ಮನೆಗೆ ಬಿಟ್ಟು ಬರಬೇಕು. ನಿನ್ನೆನೂ ಹಾಗೇ ಬಿಟ್ಟು, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕ್ಕೊಂಡು ವಾಪಸ್ ತಿರುಗ್ತಿದ್ದೆ, ಮಹಡಿ ಮೇಲೆ ವಾಕಿಂಗ್ ಮಾಡ್ತಿದ್ದ ಮೇಷ್ಟ್ರು ಬಗ್ಗಿ ನೋಡಿ ಕೂಗಿದ್ರು.

"ಚಿಲಕ ಸರಿಯಾಗಿ ಹಾಕಿ ಹೋಗಪ್ಪಾ, ಬ್ರೂನೋ ಹೊರಗೆ ಬಂದ್ಬಿಡ್ತಾನೆ."