ಕೂಡಿ ದುಡಿಯಿರಿ, ಒಬ್ಬರೇ ಬನ್ನಿ

ಮತ್ತೊಂದು ಪ್ರಕಟಣೆ ಬಂದಿದೆ, ನೋಡಿರುತ್ತೀರಿ. ‘ಯುವ ವಿಜ್ಞಾನಿಗಳ ಸಹಯೋಗಕ್ಕೆ ಅನುದಾನ’. ಜೊತೆಗೊಂದು ಫೋಟೊ. ಬಿಳಿ ಕೋಟು ಹಾಕಿಕೊಂಡ ನಾಲ್ಕು ಜನ ಒಂದೇ ಟೆಸ್ಟ್ ಟ್ಯೂಬ್ ಸುತ್ತ ನಿಂತು ಅದನ್ನೇ ನೋಡಿ ನಗುತ್ತಿದ್ದಾರೆ. ಟೆಸ್ಟ್ ಟ್ಯೂಬ್ ನೋಡಿ ಅಳುವವರು ಬೇಕಾದಷ್ಟಿದ್ದಾರೆ. ನಗುವವರು ಯಾವ ಲ್ಯಾಬಿನಲ್ಲಿ ಸಿಗುತ್ತಾರೋ ಗೊತ್ತಿಲ್ಲ.

ಷರತ್ತುಗಳು ನಿಮಗೆ ಬಾಯಿಪಾಠ ಆಗಿರಬೇಕು. ಪಿಎಚ್‌ಡಿ ಮುಗಿದು ಇಷ್ಟೇ ವರ್ಷ ಆಗಿರಬೇಕು. ಜೊತೆಗಾರರು ಬೇರೆ ಸಂಸ್ಥೆಯವರಾಗಿರಬೇಕು, ಬೇರೆ ವಿಷಯದವರಾಗಿರಬೇಕು, ಬೇರೆ ದೇಶದವರಾದರೆ ಇನ್ನೂ ಒಳ್ಳೆಯದು. ಸಹಯೋಗ ಹೊಸದಾಗಿರಬೇಕು, ಹಾಗಾಗಿ ಹಿಂದೆ ಒಟ್ಟಿಗೆ ಕೆಲಸ ಮಾಡಿರಬಾರದು. ಆದರೆ ಒಟ್ಟಿಗೆ ಮಾಡಿದ ಕೆಲಸದ ಒಂದಿಷ್ಟು ಫಲಿತಾಂಶ ಅರ್ಜಿ ಜೊತೆ ಇದ್ದರೆ ಮಾತ್ರ ಸಮಿತಿಗೆ ನಂಬಿಕೆ ಬರುತ್ತದೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಇನ್ನೊಂದು ಮರೆತೆ. ಐಡಿಯಾ ಯಾರೂ ಊಹಿಸದಂಥದ್ದಾಗಿರಬೇಕು. ಮೂರನೇ ವರ್ಷದ ಎರಡನೇ ತ್ರೈಮಾಸಿಕದಲ್ಲಿ ಏನು ಕಂಡುಹಿಡಿಯುತ್ತೀರಿ ಅನ್ನೋದನ್ನ ಗ್ಯಾಂಟ್ ಚಾರ್ಟ್ ಅನ್ನೋ ಕೆಲಸದ ವೇಳಾಪಟ್ಟಿಯಲ್ಲಿ ಬಣ್ಣ ಹಚ್ಚಿ ತೋರಿಸಬೇಕು.

ಅನುದಾನ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಇಲ್ಲಿಂದ ವಕೀಲರ ಸಹಯೋಗ ಶುರು. ಎರಡೂ ಸಂಸ್ಥೆಗಳ ಕಾನೂನು ವಿಭಾಗದವರು ಒಪ್ಪಂದದ ಕರಡನ್ನು ಅತ್ತಿಂದಿತ್ತ ಕಳಿಸುತ್ತಾ ಕೂರುತ್ತಾರೆ. ಇನ್ನೂ ಹುಟ್ಟದ ಪೇಟೆಂಟ್‌ನಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋ ಜಗ್ಗಾಟ. ಅಷ್ಟರಲ್ಲಿ ಒಬ್ಬರ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸದ ಅವಧಿ ಮುಗಿದು ಅವರು ಬೇರೆ ಕಡೆ ಸೇರಿರುತ್ತಾರೆ. ಹೊಸ ಸಂಸ್ಥೆ, ಹೊಸ ವಕೀಲರು, ಕರಡು ಮತ್ತೆ ಒಂದನೇ ಪುಟದಿಂದ.

ಸಹಿ ಬಿದ್ದ ಮೇಲೆ ಸ್ಯಾಂಪಲ್ ಕಳಿಸಬೇಕು. ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಡ್ರೈ ಐಸ್, ಅದರ ನಡುವೆ ಬೆರಳ ತುದಿಯಷ್ಟಿರುವ ಟ್ಯೂಬುಗಳು. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಅದು ಕರಗಿ ನೀರಾಗಲ್ಲ, ಸೀದಾ ಗಾಳಿಯಲ್ಲಿ ಸೇರಿಹೋಗುತ್ತದೆ. ಕಸ್ಟಮ್ಸ್‌ನವರಿಗೆ ಸಂಶಯ ಬಂದು ಪೆಟ್ಟಿಗೆಯನ್ನು ಒಂದು ಮೂಲೆಯಲ್ಲಿಟ್ಟರೆ ಅದೇನೂ ಅವರಿಗಾಗಿ ಕಾಯಲ್ಲ. ಜೊತೆಗಿನ ಫಾರ್ಮಿನಲ್ಲಿ ‘ಬೆಲೆ’ ಅಂತ ಒಂದು ಕಾಲಂ. ಜಾಸ್ತಿ ಬರೆದರೆ ಸುಂಕ ಕೇಳುತ್ತಾರೆ, ಸೊನ್ನೆ ಬರೆದರೆ ಫಾರ್ಮು ವಾಪಸ್ ಬರುತ್ತದೆ. ಹಾಗಾಗಿ ಹಬ್ಬ ಹುಣ್ಣಿಮೆ ಬಿಟ್ಟು, ಭಾನುವಾರವೂ ಬಂದು ಆಹಾರ ಬದಲಿಸಿ ಸಾಕಿದ ಜೀವಕೋಶಗಳಿಗೆ ಒಂದು ಡಾಲರ್ ಬೆಲೆ ಕಟ್ಟಿ, ಪಕ್ಕದಲ್ಲಿ ‘ವಾಣಿಜ್ಯ ಮೌಲ್ಯ ಇಲ್ಲ’ ಅಂತ ಸೇರಿಸುತ್ತಾರೆ. ಇಡೀ ಯೋಜನೆಯ ಕಾಗದಪತ್ರದಲ್ಲಿ ಸತ್ಯ ಬರೆದಿರುವ ಜಾಗ ಅದೊಂದೇ ಇರಬೇಕು.

ಇದನ್ನೆಲ್ಲ ದಾಟಿ ಪ್ರಬಂಧ ಬರೆಯಲು ಕೂತಾಗ ಅಸಲಿ ಸಂಶೋಧನೆ ಶುರು: ಯಾರ ಹೆಸರು ಮೊದಲು? ಜೀವವಿಜ್ಞಾನದಲ್ಲಿ ಮೊದಲ ಹೆಸರು ದುಡಿದವರದ್ದು, ಕೊನೆಯ ಹೆಸರು ಲ್ಯಾಬಿನ ಯಜಮಾನರದ್ದು. ನಡುವೆ ಇರುವವರು ‘ಮತ್ತಿತರರು’. ಇಬ್ಬರೂ ಸಮ ಸಮ ದುಡಿದಿದ್ದರೆ ಒಂದು ನಕ್ಷತ್ರ ಚಿಹ್ನೆ ಹಾಕಿ ಅಡಿಟಿಪ್ಪಣಿಯಲ್ಲಿ ಸಮಾಧಾನ ಹೇಳುತ್ತಾರೆ. ಆಮೇಲೆ ಜಗತ್ತೆಲ್ಲ ಮೊದಲ ಹೆಸರನ್ನೇ ಹೇಳುತ್ತದೆ. ನಕ್ಷತ್ರ ಆಕಾಶದಲ್ಲೇ ಉಳಿಯುತ್ತದೆ.

ಮೈಕೆಲ್ ಹ್ಯಾಸೆಲ್ ಮತ್ತು ರಾಬರ್ಟ್ ಮೇ ಎಂಬ ಇಬ್ಬರು ಪರಿಸರ ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. 1973ರ ಬೇಸಿಗೆಯಲ್ಲಿ 25 ಆಟಗಳ ಕ್ರೋಕೆ (ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟ) ಸರಣಿ ಆಡಿ ಹೆಸರಿನ ಕ್ರಮ ತೀರ್ಮಾನಿಸಿದರು. ಹಾಗಂತ ಪ್ರಬಂಧದಲ್ಲೇ ಅಚ್ಚು ಹಾಕಿಸಿದರು. ಇದಕ್ಕಿಂತ ನ್ಯಾಯವಾದ ಪದ್ಧತಿ ಆಮೇಲೆ ಬಂದಿದೆ ಅಂತ ನನಗೇನೂ ಅನ್ನಿಸಿಲ್ಲ. ಕಣ ಭೌತವಿಜ್ಞಾನದವರು ಈ ತಂಟೆಯೇ ಬೇಡ ಅಂತ ಅಕ್ಷರ ಕ್ರಮದಲ್ಲಿ ಹಾಕುತ್ತಾರೆ. 2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣದ ದ್ರವ್ಯರಾಶಿ ಬಗ್ಗೆ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಸಂಶೋಧನಾ ತಂಡಗಳು ಕೂಡಿ ಬರೆದ ಪ್ರಬಂಧಕ್ಕೆ 5,154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಲೇಖಕರ ಮತ್ತು ಸಂಸ್ಥೆಗಳ ಹೆಸರುಗಳೇ. ಮನೆತನದ ಹೆಸರು ಎರಡು ‘ಎ’ಗಳಿಂದ ಶುರುವಾದರೆ ನೀವು ಪುಣ್ಯವಂತರು. ‘ಝಡ್’ ಆದರೆ ಪೂರ್ವಜರನ್ನು ಬೈದುಕೊಳ್ಳಿ.

ಇನ್ನು ಬೆಕ್ಕಿನ ಕತೆ. ಜಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬರೇ ಬರೆದ ಪ್ರಬಂಧದಲ್ಲಿ ಉದ್ದಕ್ಕೂ ‘ನಾವು’ ಅಂತ ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಇದ್ದರೆ ಪತ್ರಿಕೆಯವರು ‘ನಾವು’ ಒಪ್ಪಲ್ಲ ಅಂತ ಗೆಳೆಯರೊಬ್ಬರು ಎಚ್ಚರಿಸಿದರು. ಟೈಪ್‌ರೈಟರ್ ಕಾಲ, ಎಲ್ಲ ಮತ್ತೆ ಹೊಡೆಯೋದು ಯಾರು? ತಮ್ಮ ಬೆಕ್ಕು ಚೆಸ್ಟರ್‌ಗೆ ಎಫ್.ಡಿ.ಸಿ. ವಿಲ್ಲರ್ಡ್ ಅಂತ ಹೆಸರಿಟ್ಟು ಸಹಲೇಖಕ ಮಾಡಿದರು. 1975ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಅಚ್ಚೂ ಆಯಿತು. 1980ರಲ್ಲಿ ವಿಲ್ಲರ್ಡ್ ಹೆಸರಲ್ಲಿ ಫ್ರೆಂಚ್‌ನಲ್ಲಿ ಇನ್ನೊಂದು ಲೇಖನ ಬಂತು, ಈ ಸಲ ಒಬ್ಬರೇ ಲೇಖಕರು. ಐದೇ ವರ್ಷದಲ್ಲಿ ಸಹಯೋಗದಿಂದ ಸ್ವಂತ ಸಂಶೋಧನೆಗೆ! ಆಯ್ಕೆ ಸಮಿತಿಗಳು ಯುವ ವಿಜ್ಞಾನಿಗಳಿಂದ ಬಯಸುವುದು ಇದನ್ನೇ ಅಲ್ವಾ? ಬಾಲ ಒಂದಿಲ್ಲ ಅನ್ನೋದು ಬಿಟ್ಟರೆ ನಮ್ಮ ಹುಡುಗ ಹುಡುಗಿಯರಲ್ಲಿ ಬೇರೆ ಯಾವ ಕೊರತೆಯಿದೆ?

ಕೆಲಸವನ್ನೇ ಮಾಡದ ಮನುಷ್ಯರೂ ಲೇಖಕರಾಗಬಹುದು. 1948ರಲ್ಲಿ ರಾಲ್ಫ್ ಆಲ್ಫರ್ ಎಂಬ ಪಿಎಚ್‌ಡಿ ವಿದ್ಯಾರ್ಥಿ, ವಿಶ್ವ ಹುಟ್ಟಿದ ಹೊಸತರಲ್ಲಿ ಮೂಲವಸ್ತುಗಳು ಹೇಗೆ ತಯಾರಾದವು ಅಂತ ಲೆಕ್ಕ ಹಾಕಿದರು. ಗುರು ಜಾರ್ಜ್ ಗ್ಯಾಮೊ ತಮಾಷೆ ಮನುಷ್ಯ. ಆಲ್ಫರ್, ಗ್ಯಾಮೊ ಎರಡೂ ಸೇರಿದರೆ ಗ್ರೀಕ್ ಅಕ್ಷರಮಾಲೆಯ ಆಲ್ಫಾ, ಗ್ಯಾಮಾ. ನಡುವೆ ಬೀಟಾ ಇಲ್ಲವಲ್ಲ ಅಂತ ಗೆಳೆಯ, ಹೆಸರಾಂತ ಭೌತವಿಜ್ಞಾನಿ ಹಾನ್ಸ್ ಬೇಥೆ ಹೆಸರನ್ನು ತುರುಕಿದರು. ಏಪ್ರಿಲ್ 1ರ ಸಂಚಿಕೆಯಲ್ಲಿ ಬಂತು. ಎಲ್ಲರೂ ನಕ್ಕರು, ಆಲ್ಫರ್ ಒಬ್ಬರನ್ನು ಬಿಟ್ಟು. ಇಬ್ಬರು ದೊಡ್ಡ ಹೆಸರಿನವರ ಪಕ್ಕದಲ್ಲಿ ತನ್ನ ಹೆಸರು ಯಾರ ಕಣ್ಣಿಗೂ ಬೀಳಲ್ಲ ಅನ್ನೋ ಅಂಜಿಕೆ ಅವರಿಗಿತ್ತು. ಮೊದಲ ಹೆಸರೇ ಅವರದ್ದು, ಆದರೂ. ಜೋಕು ಹೇಳುವವರಿಗೆ ನೌಕರಿ ಇತ್ತು, ಜೋಕಿನೊಳಗೆ ಸಿಕ್ಕಿಕೊಂಡವರು ವಿದ್ಯಾರ್ಥಿ.

ಈಗ ಕಾಲ ಬದಲಾಗಿದೆ, ಎಲ್ಲ ಪಾರದರ್ಶಕ ಅನ್ನುತ್ತಾರೆ. ಕ್ರೆಡಿಟ್ ಅಂತ ಒಂದು ಪಟ್ಟಿ ಬಂದಿದೆ. ಅದರಲ್ಲಿ 14 ಪಾತ್ರಗಳು: ಕಲ್ಪನೆ, ವಿಧಾನ, ಸಾಫ್ಟ್‌ವೇರ್, ಮೇಲ್ವಿಚಾರಣೆ, ಹಣ ತಂದದ್ದು ಹೀಗೆ. ಯಾರು ಏನು ಮಾಡಿದರು ಅಂತ ಪ್ರಬಂಧದ ಕೊನೆಗೆ ಬರೆಯಬೇಕು. ಒಳ್ಳೆಯದೇ. ಆದರೆ ರಾತ್ರಿ ಮೂರಕ್ಕೆ ಎದ್ದು ಭೂಮಿಯ ಆ ಕಡೆಯವರ ಮೀಟಿಂಗ್‌ಗೆ ಕೂತವರು ಯಾವ ಪಾತ್ರ? ಮಾತು ಬಿಟ್ಟ ಇಬ್ಬರು ಪ್ರೊಫೆಸರ್‌ಗಳ ನಡುವೆ ಇಮೇಲ್ ಹೊತ್ತು ತಿರುಗಿದವರು? ಪಟ್ಟಿಯಲ್ಲಿ ಹುಡುಕಿ ನೋಡಿ. ಸಿಗಲ್ಲ.

ಕೊನೆಗೆ ನೌಕರಿಯ ಸಂದರ್ಶನ. ಅಲ್ಲಿ ಕೂತ ಹಿರಿಯರು ಅದೇ ಪ್ರಬಂಧವನ್ನು ಎತ್ತಿ ಹಿಡಿದು ಕೇಳುತ್ತಾರೆ, ‘ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮದು ಅಂತ ಎಷ್ಟು?’ ಕೆಲವು ಕಡೆ ಶೇಕಡಾವಾರು ಬರೆಯುವ ಫಾರ್ಮೇ ಇದೆ. ಸಹಲೇಖಕರೆಲ್ಲ ಬೇರೆ ಬೇರೆ ಕಡೆ ತುಂಬಿದ ಫಾರ್ಮುಗಳನ್ನು ಕೂಡಿಸಿದರೆ ಮೊತ್ತ 100ರಲ್ಲಿ ನಿಲ್ಲಲಿಕ್ಕಿಲ್ಲ. ನಿಲ್ಲೋದಾದರೂ ಹೇಗೆ? ಪ್ರಾಮಾಣಿಕವಾಗಿ 25 ಅಂತ ಬರೆದವರು ಮನೆಗೆ ಹೋಗುತ್ತಾರೆ.

ತಮಾಷೆ ಸಾಕು. ಅನುದಾನ ಕೊಡುವವರೇ, ಆಯ್ಕೆ ಸಮಿತಿಯವರೇ, ಕೂಡಿ ಕೆಲಸ ಮಾಡಿ ಅಂತ ಯುವ ವಿಜ್ಞಾನಿಗಳಿಗೆ ಹೇಳಿದವರು ನೀವು. ಕೂಡಿ ಮಾಡದಿದ್ದರೆ ಹಣ ಇಲ್ಲ ಅಂದವರೂ ನೀವೇ. ಅವರು ಮಾಡಿಕೊಂಡು ಬಂದ ಮೇಲೆ, ‘ಸ್ವಂತಿಕೆ ಕಾಣುತ್ತಿಲ್ಲ’ ಅಂತ ಬರೆದು ಮುಚ್ಚಳ ಹಾಕುತ್ತೀರಿ. ಎರಡು ವರ್ಷದ ಗುತ್ತಿಗೆ, ಆಮೇಲೆ ಇನ್ನೊಂದು ಊರು, ಇನ್ನೊಂದು ಗುತ್ತಿಗೆ. ಈ ಮಧ್ಯೆ ಮೂವತ್ತು ದಾಟಿರುತ್ತದೆ. ಜೊತೆಗೆ ದುಡಿದವರಲ್ಲೇ ಇಬ್ಬರು ಒಂದೇ ಹುದ್ದೆಗೆ ಅರ್ಜಿ ಹಾಕಿ, ತಮ್ಮದೇ ಪ್ರಬಂಧದಲ್ಲಿ ಇನ್ನೊಬ್ಬರ ಪಾಲನ್ನು ಕಮ್ಮಿ ಮಾಡಿ ಹೇಳಬೇಕಾದ ಸ್ಥಿತಿ ತಂದಿದ್ದೀರಿ. ಇದಕ್ಕೆ ಸಹಯೋಗ ಅಂತ ಹೆಸರು ಬೇರೆ ಕೇಡು.

ಶೇಕಡಾವಾರು ಲೆಕ್ಕ ಅಷ್ಟು ಮುಖ್ಯ ಅನ್ನಿಸಿದರೆ, ಸಂದರ್ಶನ ಮಾಡುವವರು ಮೊದಲು ತಮ್ಮ ತಮ್ಮ ಪ್ರಬಂಧಗಳ ಪಟ್ಟಿ ತೆಗೆಯಲಿ. ಪ್ರತಿಯೊಂದರ ಮುಂದೆಯೂ ತಮ್ಮ ಪಾಲೆಷ್ಟು ಅಂತ ಬರೆದು, ಸಹಿ ಮಾಡಿ, ಸಂದರ್ಶನದ ಕೋಣೆಯ ಬಾಗಿಲಿಗೆ ಅಂಟಿಸಲಿ. ಹೊರಗೆ ಕಾಯುವವರಿಗೆ ಓದೋಕೆ ಏನಾದರೂ ಬೇಕಲ್ಲ.