ರೆಸ್ಟೋರೆಂಟ್ ವೀಕ್‌ನಲ್ಲಿ ಕಡಿಮೆ ಬೆಲೆಗೆ ಉಂಡವರೂ ಅತಿಥಿಗಳೇ

ದೊಡ್ಡ ನಗರವೊಂದರಲ್ಲಿ ರೆಸ್ಟೋರೆಂಟ್ ವೀಕ್, ಅಂದರೆ ದುಬಾರಿ ಹೋಟೆಲುಗಳೂ ನಿಗದಿತ ಊಟವೊಂದನ್ನು ಕಡಿಮೆ ಬೆಲೆಗೆ ಕೊಡುವ ವಾರ, ಘೋಷಣೆಯಾಯಿತೆಂದರೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಉಳಿದ ದಿನಗಳಲ್ಲಿ ಬಾಗಿಲ ಹೊರಗೆ ತೂಗುಹಾಕಿದ ಮೆನುವಿನ ಬಲಗಡೆಯ ಅಂಕಿಗಳನ್ನು ಓದಿ ಮುಂದೆ ಸಾಗುತ್ತಿದ್ದವರು ಆ ವಾರ ಸಡಗರದಿಂದ ಟೇಬಲ್ ಕಾದಿರಿಸುತ್ತಾರೆ. ಅಂಥ ಹೋಟೆಲುಗಳಿಗೆ ವರ್ಷವಿಡೀ ಹೋಗಿಬರುವವರು ಮಾತ್ರ, ಗದ್ದಲ ಜಾಸ್ತಿ, ಅಡುಗೆ ಕಳಪೆ, ಆ ವಾರ ಅತ್ತ ತಲೆ ಹಾಕಿಯೂ ಮಲಗಬಾರದು ಎಂದು ಮೂಗು ಮುರಿಯುತ್ತಾರೆ. ನಾನು ಮೊದಲಿನವರ ಪಕ್ಷ. ಎರಡನೆಯವರ ದೂರಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ದೂರಿನ ಅಡಿಯಲ್ಲಿ, ಕಡಿಮೆ ಹಣ ಕೊಟ್ಟು ಒಳಗೆ ಬಂದವರು ಅತಿಥಿಗಳೇ ಅಲ್ಲವೆಂಬ ಒಂದು ಸಣ್ಣತನವೂ ಇರುತ್ತದೆ. ನನ್ನ ತಕರಾರು ಇರುವುದು ಅದರೊಂದಿಗೆ.

ಈ ಪದ್ಧತಿ ಹುಟ್ಟಿದ ಸಂದರ್ಭವನ್ನು ನೋಡಿದರೆ ಆ ಸಣ್ಣತನಕ್ಕೆ ಆಧಾರವಿಲ್ಲವೆಂಬುದು ತಿಳಿಯುತ್ತದೆ. 1992ರ ಜುಲೈನಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಅಧಿವೇಶನ ನ್ಯೂಯಾರ್ಕಿನಲ್ಲಿ ನಡೆಯಿತು. ಪಕ್ಷದ ಪ್ರತಿನಿಧಿಗಳೂ ದೇಶ ವಿದೇಶಗಳ ಪತ್ರಕರ್ತರೂ ಸಾವಿರಗಟ್ಟಲೆ ಸಂಖ್ಯೆಯಲ್ಲಿ ನಗರಕ್ಕೆ ಬರುವವರಿದ್ದರು. ರೆಸ್ಟೋರೆಂಟ್ ಮಾರ್ಗದರ್ಶಿ ಪುಸ್ತಕಗಳಿಂದ ಹೆಸರಾಗಿದ್ದ ಟಿಮ್ ಝಗಾಟ್ ಮತ್ತು ಅಲ್ಲಿನ ಹಿರಿಯ ರೆಸ್ಟೋರೆಂಟ್ ಉದ್ಯಮಿ ಜೋ ಬಾಮ್ ಅವರ ಮುತುವರ್ಜಿಯಿಂದ, ಹೆಸರಾಂತ ಹಲವು ರೆಸ್ಟೋರೆಂಟುಗಳು ಆ ದಿನಗಳಲ್ಲಿ ಮಧ್ಯಾಹ್ನದ ಊಟವನ್ನು 19.92 ಡಾಲರಿಗೆ ಕೊಡಲು ಒಪ್ಪಿದವು. ವರ್ಷದ ಅಂಕಿಯನ್ನೇ ಬೆಲೆಯಾಗಿಸಿದ್ದು ಜಾಣತನದ ಪ್ರಚಾರ, ಕೇಳಿದವರು ಮರೆಯುವಂತಿರಲಿಲ್ಲ. ಹೊರಗಿನಿಂದ ಬಂದವರಿಗಾಗಿ ಹಾಕಿದ ಈ ಯೋಜನೆಗೆ ಊರಿನವರೇ ಮುಗಿಬಿದ್ದರು. ಹಾಗಾಗಿ ಅದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಅಮೆರಿಕದ ಇತರ ನಗರಗಳಿಗೂ ಹೊರದೇಶಗಳಿಗೂ ಹಬ್ಬಿತು. ಹೆಸರಿನಲ್ಲಿ ವಾರವೆಂದಿದ್ದರೂ ಈಗ ಹಲವೆಡೆ ಅದು ಎರಡು ಮೂರು ವಾರಗಳವರೆಗೆ ಹಿಗ್ಗಿದೆ.

ನ್ಯೂಯಾರ್ಕಿನಲ್ಲಿ ಇಂದಿಗೂ ಅದು ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಖರ್ಚು ಮುಗಿದು ಜನ ಕೈ ಬಿಗಿಹಿಡಿಯುವ ಚಳಿಗಾಲದಲ್ಲೊಮ್ಮೆ, ಉಳ್ಳವರು ಊರು ಬಿಟ್ಟು ರಜೆಗೆ ಹೋಗುವ ಕಡುಬೇಸಗೆಯಲ್ಲೊಮ್ಮೆ. ಕುರ್ಚಿಗಳು ಖಾಲಿ ಬೀಳುವ ಕಾಲವೇ ಇವೆರಡೂ. ವಾರದಲ್ಲಿ ಅತಿ ಹೆಚ್ಚು ವ್ಯಾಪಾರವಾಗುವ ಶನಿವಾರವನ್ನು ಸಾಮಾನ್ಯವಾಗಿ ಯೋಜನೆಯಿಂದ ಹೊರಗಿಡುತ್ತಾರೆ. ಇಷ್ಟನ್ನು ಗಮನಿಸಿದರೆ ಸಾಕು, ಯಾರಿಗೆ ಯಾರು ಉಪಕಾರ ಮಾಡುತ್ತಿದ್ದಾರೆಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಖಾಲಿ ಕುರ್ಚಿಯನ್ನು ಕೂಡಿಟ್ಟು ನಾಳೆ ಮಾರಲಾಗುವುದಿಲ್ಲ. ಕಟ್ಟಡದ ಬಾಡಿಗೆ, ಬಾಣಸಿಗರ ಸಂಬಳ, ದೀಪ, ಶೀತಲಯಂತ್ರ ಇವೆಲ್ಲದರ ಖರ್ಚು ಹತ್ತು ಮಂದಿ ಉಂಡರೂ ನೂರು ಮಂದಿ ಉಂಡರೂ ಹೆಚ್ಚುಕಡಿಮೆ ಅಷ್ಟೇ. ತಿನಿಸಿನ ಬೆಲೆಯಲ್ಲಿ ಕಚ್ಚಾ ಸಾಮಗ್ರಿಯ ಪಾಲು ಮೂರರಲ್ಲಿ ಒಂದರ ಆಸುಪಾಸಿನಲ್ಲಿರಬೇಕೆಂಬುದು ಈ ಉದ್ಯಮದವರು ಬಹುಕಾಲದಿಂದ ಇಟ್ಟುಕೊಂಡಿರುವ ಲೆಕ್ಕ. ಆದ್ದರಿಂದ ಬೆಲೆಯನ್ನು ಗಣನೀಯವಾಗಿ ಇಳಿಸಿದರೂ, ಇಲ್ಲದಿದ್ದರೆ ಖಾಲಿ ಇರುತ್ತಿದ್ದ ಕುರ್ಚಿಯಲ್ಲಿ ಬಂದು ಕೂತವರಿಂದ ಮಾಲೀಕರಿಗೆ ಏನಾದರೂ ಉಳಿಯುತ್ತದೆ. ಜೊತೆಗೊಂದು ಪಾನೀಯ ತರಿಸಿದರಂತೂ ಚೆನ್ನಾಗಿಯೇ ಉಳಿಯುತ್ತದೆ, ಏಕೆಂದರೆ ಅಡುಗೆಗಿಂತ ಪಾನೀಯದಲ್ಲಿ ಲಾಭದ ಪಾಲು ದೊಡ್ಡದು. ಅಂದಮೇಲೆ ಆ ವಾರ ಹೋಗಿ ಕೂರುವವರು ಯಾರ ಮುಲಾಜಿಗೂ ಒಳಗಾಗಿರುವುದಿಲ್ಲ, ಸಂಕೋಚದಿಂದ ಮುದುಡಿಕೊಳ್ಳುವ ಅಗತ್ಯವೂ ಇಲ್ಲ.

ಮೂಗು ಮುರಿಯುವವರ ಮಾತಿನಲ್ಲಿ ಹುರುಳಿರುವುದು ಅಡುಗೆಯ ವಿಚಾರದಲ್ಲಿ. ಈ ಯೋಜನೆಯಲ್ಲಿ ಸಿಗುವುದು ಸಾಮಾನ್ಯವಾಗಿ ಎರಡೋ ಮೂರೋ ಹಂತಗಳ ನಿಗದಿತ ಊಟ. ಪ್ರತಿ ಹಂತಕ್ಕೂ ಎರಡು ಮೂರು ತಿನಿಸುಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕು. ಆಯ್ಕೆ ಕಡಿಮೆಯೆಂಬುದು ನನ್ನ ದೃಷ್ಟಿಯಲ್ಲಿ ದೋಷವಲ್ಲ. ಕೆಲವೇ ತಿನಿಸುಗಳಿದ್ದಾಗ ಅಡುಗೆಮನೆಯವರು ಸಾಮಗ್ರಿಯನ್ನು ಒಟ್ಟಿಗೆ ಕೊಳ್ಳಬಹುದು, ಮಿಕ್ಕಿ ಹಾಳಾಗುವುದು ತಗ್ಗುತ್ತದೆ. ಮುಂಚಿತವಾಗಿ ಸಣ್ಣ ಉರಿಯಲ್ಲಿ ಬೇಯಿಸಿಡಬಹುದಾದ ಸೂಪು, ಗ್ರೇವಿಗಳು ಮತ್ತು ತಣ್ಣಗೆ ಬಡಿಸುವ ಸಿಹಿ ತಿನಿಸುಗಳನ್ನು ಅವರು ಆರಿಸಿಕೊಳ್ಳುವುದೂ ಸಹಜವೇ. ನನ್ನ ಆಕ್ಷೇಪ ಬೇರೆ. ಕೆಲವು ಕಡೆ ಈ ವಾರಕ್ಕೆಂದೇ, ತಾವು ಎಂದೂ ಮಾಡದ, ಬಾಣಸಿಗರಿಗೆ ಯಾವ ಅಭಿಮಾನವೂ ಇಲ್ಲದ ಅಗ್ಗದ ತಿನಿಸುಗಳನ್ನು ಹೊಸೆದು ಬಡಿಸುತ್ತಾರೆ. ಹೊರಗಿನ ಫಲಕ, ಒಳಗಿನ ದೀಪ, ಮೇಜಿನ ಬಟ್ಟೆ ಎಲ್ಲವೂ ಅವರದೇ. ತಟ್ಟೆಯಲ್ಲಿರುವುದು ಮಾತ್ರ ಯಾರದೋ. ಅಂಥಲ್ಲಿ ರಿಯಾಯಿತಿ ಎಷ್ಟೇ ದೊಡ್ಡದಾಗಿದ್ದರೂ ಕೊಟ್ಟ ಹಣ ದಂಡವೇ.

ಇದನ್ನು ಮೊದಲೇ ಕಂಡುಕೊಳ್ಳುವುದು ಕಷ್ಟವಲ್ಲ. ರಿಯಾಯಿತಿಯ ಮೆನುವನ್ನು ಅದೇ ಹೋಟೆಲಿನ ನಿತ್ಯದ ಮೆನುವಿನ ಪಕ್ಕದಲ್ಲಿಟ್ಟು ಓದಬೇಕು. ಎರಡರಲ್ಲೂ ಇರುವ ತಿನಿಸುಗಳು ಎಷ್ಟು, ಅವುಗಳ ನಿತ್ಯದ ಬೆಲೆ ಕೂಡಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದರೆ ಅರ್ಧ ಸತ್ಯ ಹೊರಬೀಳುತ್ತದೆ. ಕೆಲವೊಮ್ಮೆ ಬಿಡಿಬಿಡಿಯಾಗಿ ತರಿಸಿದರೂ ಬಿಲ್ ಹೆಚ್ಚೇನೂ ಆಗುತ್ತಿರಲಿಲ್ಲವೆಂಬುದು ಗೊತ್ತಾಗುತ್ತದೆ. ಇನ್ನರ್ಧ ಸತ್ಯ ಅಡಗಿರುವುದು ಸಣ್ಣ ಅಕ್ಷರಗಳಲ್ಲಿ: ಪಾನೀಯ, ತೆರಿಗೆ, ಸರ್ವೀಸ್ ಚಾರ್ಜ್ ಸಾಮಾನ್ಯವಾಗಿ ನಿಗದಿತ ಬೆಲೆಯ ಹೊರಗಿರುತ್ತವೆ, ಮತ್ತು ಪಟ್ಟಿಯಲ್ಲಿರುವ ಅತ್ಯುತ್ತಮ ತಿನಿಸಿನ ಮುಂದೆ ಹೆಚ್ಚುವರಿ ಶುಲ್ಕದ ಸೂಚನೆಯೊಂದು ಸದ್ದಿಲ್ಲದೆ ಕೂತಿರುತ್ತದೆ. ಸಸ್ಯಾಹಾರಿಗಳು ಇನ್ನೂ ಎಚ್ಚರದಿಂದ ಓದಬೇಕು. ಮುಖ್ಯ ಊಟದ ಹಂತದಲ್ಲಿ ಅವರ ಪಾಲಿಗೆ ಒಂದೇ ತಿನಿಸು ಇರುವುದುಂಟು, ಅದೂ ಒಲ್ಲದ ಮನಸ್ಸಿನಿಂದ ಸೇರಿಸಿದಂಥದ್ದು.

ಹೀಗೆಲ್ಲ ಅಳೆದು ತೂಗಿ ಸರಿಯಾದ ಕಡೆ ಹೋದವರಿಗೆ ಸಿಗುವ ಸುಖ ನಿಜಕ್ಕೂ ದೊಡ್ಡದು. ಬಹಳಷ್ಟು ಮಂದಿ ಅದನ್ನು ರುಚಿಯ ವಿಷಯವೆಂದಷ್ಟೇ ತಿಳಿಯುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಕಾಲದ ಲಯ. ಒಂದು ತಟ್ಟೆ ಹೋಗಿ ಇನ್ನೊಂದು ಬರುವ ನಡುವೆ ಮಾತಿಗೆ ಬೇಕಾದಷ್ಟು ಬಿಡುವು ಸಿಗುತ್ತದೆ. ಮೇಜಿನಲ್ಲಿರುವ ಎಲ್ಲರೂ ಉಂಡು ಮುಗಿಸುವವರೆಗೆ ಯಾರ ತಟ್ಟೆಯನ್ನೂ ಎತ್ತುವುದಿಲ್ಲ. ಲೋಟದಲ್ಲಿ ನೀರು ಇಳಿದದ್ದನ್ನು ನಾವು ಗಮನಿಸುವ ಮೊದಲೇ ಅದು ತುಂಬಿರುತ್ತದೆ. ಯಾವ ಸಾರಿಗೆ ಯಾವ ಸೊಪ್ಪು ಬಿದ್ದಿದೆ, ಅದು ಎಷ್ಟು ಹೊತ್ತು ಕುದಿದಿದೆ ಎಂದು ಕೇಳಿದರೆ ವೇಟರ್ ಅಡುಗೆಮನೆಯ ಕಡೆ ನೋಡದೆ ಉತ್ತರಿಸುತ್ತಾರೆ. ಮನೆಯಲ್ಲಿ ಅಡುಗೆ ಮಾಡಿ ಬಡಿಸಿ ಕೊನೆಗೆ ಉಣ್ಣುವವರಿಗೆ, ಬೇರೊಬ್ಬರು ಇಷ್ಟು ನಿಗಾ ವಹಿಸಿ ತಮಗೆ ಬಡಿಸುವುದೇ ಒಂದು ಭೋಗ. ವರ್ಷಕ್ಕೊಮ್ಮೆಯಾದರೂ ಅದು ಕೈಗೆಟಕುವ ಬೆಲೆಗೆ ಸಿಗುವುದಾದರೆ ಅದನ್ನು ಆಡಿಕೊಳ್ಳುವುದರಲ್ಲಿ ಯಾವ ಘನತೆಯೂ ನನಗೆ ಕಾಣುವುದಿಲ್ಲ.

ಆದರೆ ಎಲ್ಲ ಹೋಟೆಲುಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಒಂದು ಕಡೆ ನಾವು ಒಳಗೆ ಕಾಲಿಟ್ಟ ಕೂಡಲೇ ‘ಆಫರ್ ಊಟಕ್ಕೆ ಬಂದವರಾ?’ ಎಂಬ ಪ್ರಶ್ನೆ ಎದುರಾಯಿತು. ಹೌದೆಂದಾಗ, ಕಿಟಕಿಯ ಬಳಿಯ ಮೇಜುಗಳು ಖಾಲಿಯಿದ್ದರೂ ನಮ್ಮನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಕರೆದೊಯ್ದರು. ಊಟ ಚೆನ್ನಾಗಿಯೇ ಇತ್ತು, ಆದರೂ ನಾವು ಮತ್ತೆ ಅಲ್ಲಿಗೆ ಹೋಗಲಿಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಇದು ದಡ್ಡತನ. ಈ ಯೋಜನೆಯಲ್ಲಿ ಭಾಗವಹಿಸುವ ಮಾಲೀಕರು ನಿಜವಾಗಿ ನಿರೀಕ್ಷಿಸುವುದು, ಇಂದು ಕಡಿಮೆ ಬೆಲೆಗೆ ಉಂಡವರು ನಾಳೆ ಮದುವೆಯ ವಾರ್ಷಿಕೋತ್ಸವಕ್ಕೋ ಮಕ್ಕಳ ಪದವಿಯ ಸಂಭ್ರಮಕ್ಕೋ ಪೂರ್ತಿ ಬೆಲೆ ತೆತ್ತು ಮರಳಿ ಬರಲಿ ಎಂದು. ಅಂಥವರನ್ನು ಮೊದಲ ಭೇಟಿಯಲ್ಲೇ ಮೂಲೆಗೆ ತಳ್ಳುವುದಾದರೆ ರಿಯಾಯಿತಿಗೆ ಹಾಕಿದ ಹಣವೂ ಹೋಯಿತು, ಬಂದ ಅತಿಥಿಯೂ ಹೋದ.

ಅತಿಥಿಗಳ ಕಡೆಯಿಂದಲೂ ಕೆಲವು ಹೊಣೆಗಳಿವೆ. ನಾಲ್ಕು ಕಡೆ ಟೇಬಲ್ ಕಾದಿರಿಸಿ, ಕೊನೆಯ ಗಳಿಗೆಯಲ್ಲಿ ಮನಸ್ಸಿಗೆ ಬಂದ ಒಂದಕ್ಕೆ ಹೋಗಿ, ಉಳಿದ ಮೂವರಿಗೆ ಒಂದು ಮಾತೂ ತಿಳಿಸದಿರುವವರು ಆ ವಾರ ಹೆಚ್ಚುತ್ತಾರೆ. ಮೊದಲೇ ಲಾಭ ತೆಳುವಾಗಿರುವ ದಿನಗಳಲ್ಲಿ ಹಾಗೆ ಖಾಲಿ ಬಿದ್ದ ಟೇಬಲ್ ಹೋಟೆಲಿಗೆ ಭಾರಿ ಪೆಟ್ಟು; ಅದು ಸಿಗದೆ ಹಿಂದಿರುಗಿದ ಇನ್ನೊಂದು ಕುಟುಂಬಕ್ಕೂ ಅನ್ಯಾಯ. ಸಾಧ್ಯವಿರುವವರು ವಾರದ ಆರಂಭದ ದಿನಗಳಲ್ಲಿ, ಅದರಲ್ಲೂ ಮಧ್ಯಾಹ್ನ, ಹೋಗುವುದು ಒಳ್ಳೆಯದು: ಅಡುಗೆಮನೆಗೆ ಉಸಿರಾಡಲು ಸಮಯವಿರುತ್ತದೆ, ಬಡಿಸುವವರ ಮುಖದಲ್ಲಿ ದಣಿವು ಕಡಿಮೆ ಇರುತ್ತದೆ.

ಬಡಿಸುವವರ ವಿಷಯ ಬಂದದ್ದರಿಂದ ಟಿಪ್ಸ್ ಬಗ್ಗೆ ಒಂದು ಮಾತು. ಬಿಲ್ಲಿನ ಇಂತಿಷ್ಟು ಪಾಲು ಎಂದು ಟಿಪ್ಸ್ ಕೊಡುವ ರೂಢಿಯಿರುವ ಕಡೆಗಳಲ್ಲಿ ಬಿಲ್ ಇಳಿದರೆ ಅವರ ಗಳಿಕೆಯೂ ಇಳಿಯುತ್ತದೆ, ಆದರೆ ಹೊತ್ತು ತರುವ ತಟ್ಟೆಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಬೆಲೆ ಇಳಿಸಲು ಒಪ್ಪಿದವರು ಮಾಲೀಕರೇ ಹೊರತು ವೇಟರ್‌ಗಳಲ್ಲ. ಆದ್ದರಿಂದ ಅಲ್ಲಿ ನಾನು ಟಿಪ್ಸ್ ಲೆಕ್ಕ ಹಾಕುವುದು ನಿತ್ಯದ ಮೆನುವಿನ ಬೆಲೆಯ ಮೇಲೆ.